ಸಹಿ ಬಿದ್ದ ದಿನ

ರಮಾಕಾಂತನಿಗೆ ಬೇಕಾಗಿದ್ದದ್ದು ಒಂದೇ ಒಂದು ಸಹಿ. ಈತ ಓದಿದ್ದು ನಿಜ, ಪದವಿ ನಿಜ, ಓದಿಸಿದ ಮಂಗಳೂರಿನ ಕಾಲೇಜೂ ನಿಜ ಎಂದು ವಿಜಯವಾಡದ ಅಧಿಕಾರಿಯೊಬ್ಬರು ಒಪ್ಪಿ ಕಾಗದದ ಬುಡದಲ್ಲಿ ಎಳೆಯಬೇಕಾದ ಗೀಟು. ಮಳೆಗಾಲದಲ್ಲಿ ಹಾಕಿದ ಅರ್ಜಿ. ಸಂಕ್ರಾಂತಿ ಕಳೆದು ಎಳ್ಳುಬೆಲ್ಲ ಖಾಲಿಯಾದರೂ ಆ ಗೀಟು ಮಾತ್ರ ಬಿದ್ದಿರಲಿಲ್ಲ.

ಅರಸೀಕೆರೆಯ ಈ ಹುಡುಗ ವಿಶಾಖಪಟ್ಟಣದ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಬಂದವನು, ಸ್ವಂತದ್ದೇನಾದರೂ ಮಾಡುವ ಹುಮ್ಮಸ್ಸಿನಲ್ಲಿ ದ್ವಾರಕಾ ನಗರದ ಒಂದು ಮಹಡಿಯ ಮೇಲೆ ಆಕ್ಯುಪೇಷನಲ್ ಥೆರಪಿ ಕೇಂದ್ರ ತೆರೆದಿದ್ದ. ಪಾರ್ಶ್ವವಾಯು ಬಡಿದು ಕೈ ಸ್ವಾಧೀನ ತಪ್ಪಿದವರಿಗೆ ಮತ್ತೆ ಅನ್ನ ಕಲಸುವುದನ್ನು, ತಲೆ ಬಾಚುವುದನ್ನು, ಚಿಲಕ ಹಾಕುವುದನ್ನು ಕಲಿಸುವ ವಿದ್ಯೆ ಅದು. ಅಲ್ಲಿ ಸೂಜಿಯಿಲ್ಲ, ಔಷಧಿಯ ವಾಸನೆಯಿಲ್ಲ. ಇದ್ದದ್ದು ಬಕೆಟ್ಟು, ಬೀಗ, ನಲ್ಲಿ, ಗುಂಡಿ ಹೊಲಿದ ಬಟ್ಟೆ, ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ ಚಮಚ. ಹಳೆ ಸಾಮಾನಿನ ಅಂಗಡಿ ಎಂದುಕೊಂಡು ಮೆಟ್ಟಿಲು ಹತ್ತಿ ಬಕೆಟ್ಟಿನ ಬೆಲೆ ಕೇಳಿದವರೂ ಉಂಟು.

ಕೇಂದ್ರದ ಕಾನೂನು ಒಂದೇ. ರೋಗಿಗೆ ಯಾರೂ ಕೈ ಹಚ್ಚಬಾರದು. ಬೆವರಲಿ, ಬೈಯಲಿ, ಸಂಜೆಯಾಗಲಿ, ಮಾಡುವುದನ್ನು ಅವರೇ ಮಾಡಬೇಕು.

ಸರ್ಕಾರದ ಕಾನೂನು ಬೇರೆಯಿತ್ತು. ಖಾಸಗಿ ಚಿಕಿತ್ಸಾಲಯಗಳೆಲ್ಲ ನೋಂದಣಿಯಾಗಬೇಕೆಂಬ ನಿಯಮ ಬಂದ ಹೊಸತು. ಹೋದ ಬೇಸಿಗೆಯಲ್ಲೇ ಜಿಲ್ಲಾ ಕಚೇರಿಯ ಇಬ್ಬರು ಬಂದು ಬಕೆಟ್ಟುಗಳನ್ನು ನೋಡಿ, ತಲೆ ಕೆರೆದುಕೊಂಡು, ನೋಂದಣಿಯಿಲ್ಲದ ಜಾಗವೆಂದು ಮೇಲಕ್ಕೆ ವರದಿ ಬರೆದಿದ್ದರು. ಹೆದರಿದ ರಮಾಕಾಂತ ಅರ್ಜಿ ಹಾಕಿದ. ಪದವಿ ಬೇರೆ ರಾಜ್ಯದ್ದಾದ್ದರಿಂದ ಅದು ವಿಜಯವಾಡಕ್ಕೆ ಹೋಗಿ ಕೂತಿತು. ನಿನ್ನೆ ಆ ಇಬ್ಬರೂ ಮತ್ತೆ ಬಂದರು.

“ಬೀಗ ಹಾಕಲು ಮೇಲಿನ ಅಪ್ಪಣೆ ಯಾಕೋ ಇನ್ನೂ ಬಂದಿಲ್ಲ,” ಎಂದರು, ತಮ್ಮದೇ ತಪ್ಪೇನೋ ಎಂಬಂತೆ. “ಬಂದ ಗಳಿಗೆಯಲ್ಲೇ ಬರುತ್ತೇವೆ.”

ಅವರು ಇಳಿದು ಹೋಗುವುದನ್ನೇ ಕಾಯುತ್ತಿದ್ದವರಂತೆ ಕೃಷ್ಣಪ್ರಸಾದ ಮೇಲೆ ಬಂದರು. ಎದುರಿನ ಬ್ಯಾಂಕಿಗೆ ತುಮಕೂರಿನಿಂದ ವರ್ಗವಾಗಿ ಬಂದ ಅಧಿಕಾರಿ. ಬ್ಯಾಂಕಿನ ಕೆಲಸವೊಂದನ್ನು ಬಿಟ್ಟು ಊರಿನ ಎಲ್ಲರ ಕೆಲಸವನ್ನೂ ತಲೆಗೆ ಹಚ್ಚಿಕೊಳ್ಳುವ ಪುಣ್ಯಾತ್ಮ.

“ರಮಾಕಾಂತ್, ನೀವು ಇಲ್ಲಿ ಕೂತ್ರೆ ಫೈಲೂ ಅಲ್ಲೇ ಕೂತಿರತ್ತೆ. ನಾಳೆ ಬೆಳಿಗ್ಗೆ ಟ್ರೈನ್ ಹತ್ತಿ, ಹೋಗಿ ಅವರ ಎದುರಿಗೇ ಕೂತ್ಕೊಳ್ಳಿ. ನಾವೂ ಅಷ್ಟೆ, ಎದುರಿಗೆ ಕೂತ ಗಿರಾಕೀನ ಎಬ್ಬಿಸಕ್ಕಾದ್ರೂ ಸಹಿ ಹಾಕ್ತೀವಿ. ಬರಿಗೈಲಿ ಮಾತ್ರ ಹೋಗ್ಬೇಡಿ. ಈ ಕಡೆ ಹೆಸರುವಾಸಿ ಮಾಡುಗುಲ ಹಲ್ವಾ ಒಂದು ಡಬ್ಬಿ ಕಟ್ಟಿಸ್ಕೊಳ್ಳಿ.”

“ಲಂಚ ಆಗಲ್ವಾ ಸಾರ್?”

“ದುಡ್ಡಾದ್ರೆ ಲಂಚ ಕಣ್ರೀ. ತುಪ್ಪದಲ್ಲಿ ಮಾಡಿದ್ದು ಪ್ರೀತಿ.”

ಬೆಳಕು ಹರಿಯುವ ಮೊದಲೇ ರಮಾಕಾಂತ ಕೇಂದ್ರದ ಕೀಲಿಯನ್ನು ಕಟ್ಟಡದ ಒಡತಿ ಗಂಗಾಭವಾನಿಯವರ ಕೈಗೆ ಕೊಟ್ಟ. ಮಧ್ಯಾಹ್ನ ಸೂರ್ಯಪ್ರಕಾಶ ಗಾರು ಅಭ್ಯಾಸಕ್ಕೆ ಬರುವವರಿದ್ದರು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಹಡಗಿನಿಂದ ಕಬ್ಬಿಣದ ತೊಲೆ ಎತ್ತುತ್ತಿದ್ದ ಕೈಗೆ ಈಗ ಅಂಗಿಯ ಗುಂಡಿ ಭಾರವಾಗಿತ್ತು. ದಿನಾ ಬೆಳಿಗ್ಗೆ ಸೊಸೆ ಬಂದು ಗುಂಡಿ ಹಾಕುವಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಇಷ್ಟು ತಿಂಗಳ ಒದ್ದಾಟದಲ್ಲಿ ಮೂರನೆಯ ಗುಂಡಿ ದಾಟಿದ್ದೇ ಇಲ್ಲ.

“ಅಮ್ಮಾ, ಪಾಪ ಅನ್ನಿಸುತ್ತೆ. ಆದರೂ ನೀವು ಕೈ ಹಾಕಬೇಡಿ, ಬೇರೆಯವರನ್ನೂ ಬಿಡಬೇಡಿ,” ಎಂದು ತೆಲುಗಿನಲ್ಲಿ ಬೇಡಿಕೊಂಡ.

“ಯಮನೇ ಬಂದರೂ ಬಿಡಲ್ಲ, ಹೋಗಿ ಬಾ ಬಾಬೂ,” ಎಂದರು ಗಂಗಾಭವಾನಿ. ಆಕೆ ಹೇಳಿದರೆ ಹೇಳಿದ್ದೇ.

ವಿಜಯವಾಡದ ಕಚೇರಿಯ ವರಾಂಡದಲ್ಲಿ ಕಾಯುವವರ ದೊಡ್ಡ ಹಿಂಡೇ ಇತ್ತು. ಅಧಿಕಾರಿ ರಾಮಮೋಹನ್ ಹೆಸರೆತ್ತಿದರೆ ಎಲ್ಲರ ದನಿಯೂ ತಗ್ಗುತ್ತಿತ್ತು. ಹೋದ ವರ್ಷದಿಂದ ಆ ಮನುಷ್ಯ ಒಂದು ಕಾಗದಕ್ಕೂ ಸಹಿ ಹಾಕಿಲ್ಲವಂತೆ. ಹಣ್ಣಿನ ಬುಟ್ಟಿ ತಂದವನನ್ನು ಬುಟ್ಟಿ ಸಮೇತ ಅಟ್ಟಿದ್ದರಂತೆ. ಮಂತ್ರಿಯ ಕಡೆಯವರು ಬಂದಾಗ ‘ಪರಿಶೀಲನೆಯಲ್ಲಿದೆ’ ಎಂದಷ್ಟೇ ಹೇಳಿ ಎದ್ದು ಹೋದರಂತೆ. ಇದನ್ನೆಲ್ಲ ಕೇಳಿ ರಮಾಕಾಂತ, ಕಟ್ಟಿಸಿ ತಂದಿದ್ದ ಹಲ್ವಾ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ಅವನ ಸರದಿ ಬಂತು.

“ಏನದು?” ರಾಮಮೋಹನ್ ಡಬ್ಬಿ ನೋಡಿ ಗುಡುಗಿದರು.

“ಹ... ಹಲ್ವಾ ಸಾರ್, ನಿಮಗೇ ಅಂತ ತಂದೆ,” ಗಾಬರಿಯಲ್ಲಿ ಕನ್ನಡವೇ ಬಂದುಬಿಟ್ಟಿತು.

“ಕನ್ನಡದವರಾ? ನಾನು ಹಿಂದೂಪುರದವನು. ಅದಕ್ಕೇನು, ಕನ್ನಡದ ಹಲ್ವಾ ಆದ್ರೂ ಲಂಚ ಲಂಚಾನೇ. ಈಗ್ಲೇ ತಿರಸ್ಕಾರ ಅಂತ ಬರೆದು ಬಿಸಾಕ್ತೀನಿ ನೋಡಿ!”

ಪೆನ್ನೆತ್ತಿದರು. ರಮಾಕಾಂತ ಕಣ್ಣು ಮುಚ್ಚಿದ. ಗೀಚುವ ಸದ್ದೇ ಕೇಳಿಸಲಿಲ್ಲ. ಮೆಲ್ಲನೆ ಒಂದು ಕಣ್ಣು ತೆರೆದರೆ, ಪೆನ್ನು ಕಾಗದಕ್ಕೆ ತಾಗುತ್ತಲೇ ಸಾಹೇಬರ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು, ಮಣಿಕಟ್ಟು ಸೆಟೆದು ನಿಂತಿತು, ಹಣೆಯಲ್ಲಿ ಬೆವರು. ಪೆನ್ನು ಕೆಳಗಿಟ್ಟು ಆ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡರು.

“ಪರಿಶೀಲನೆಯಲ್ಲಿದೆ. ಹೋಗಿ,” ಎಂದರು. ದನಿಯಲ್ಲಿ ಗುಡುಗು ಉಳಿದಿರಲಿಲ್ಲ.

ರಮಾಕಾಂತನಿಗೆ ಒಂದೇ ಸಲಕ್ಕೆ ಎಲ್ಲ ಅರ್ಥವಾಯಿತು. ಬರೆದೂ ಬರೆದೂ ಸ್ನಾಯು ಹಿಡಿದುಕೊಂಡ ಕೈ. ಪಾಪ, ಮನುಷ್ಯನಿಗೆ ಮಂಜೂರು ಮಾಡಲೂ ಆಗುತ್ತಿರಲಿಲ್ಲ, ತಿರಸ್ಕರಿಸಲೂ ಆಗುತ್ತಿರಲಿಲ್ಲ. ಅದನ್ನು ಮುಚ್ಚಿಡಲು ಇಡೀ ವರ್ಷ ಹುಲಿಯ ವೇಷ ಹಾಕಿ ಕೂತಿದ್ದರು.

ಸಂಕಟ ಶುರುವಾದದ್ದೇ ಆಗ. ಕಣ್ಣೆದುರಿಗಿರುವ ಕೈಯನ್ನು ಸರಿ ಮಾಡುವುದು ಗೊತ್ತು. ನೋಂದಣಿಯಿಲ್ಲದೆ ಚಿಕಿತ್ಸೆ ಮಾಡುವುದು ಅಪರಾಧವೆಂದೂ ಗೊತ್ತು. ಆ ಅಪರಾಧ ಮಾಡಬೇಕಾದದ್ದೋ, ಅದನ್ನು ಹಿಡಿಯಲೆಂದೇ ಸಂಬಳ ಎಣಿಸುವವರ ಎದುರಿಗೆ, ಅವರದೇ ಕೈಯ ಮೇಲೆ. ಬಾಗಿಲವರೆಗೆ ಹೋದವನು ನಿಂತ. ಹಾಳಾದ ಆ ಹೆಬ್ಬೆರಳು ಅವನನ್ನು ಹೋಗಗೊಡಲಿಲ್ಲ.

“ಸಾರ್, ಎಷ್ಟು ದಿನದಿಂದ ಹೀಗೆ?”

ರಾಮಮೋಹನ್ ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. “ಮನೇಲಿ ನಮ್ಮವಳಿಗೂ ಹೇಳಿಲ್ಲ,” ಎಂದರು ಪಿಸುದನಿಯಲ್ಲಿ. “ಇನ್ನೆರಡು ವರ್ಷ ಸರ್ವೀಸಿದೆ. ಸಹಿ ಹಾಕಕ್ಕಾಗದವನನ್ನ ಇಟ್ಕೊಳ್ತಾರೇನ್ರೀ?”

“ನಾನು ಮುಟ್ಟಲ್ಲ ಸಾರ್. ಮುಟ್ಟಿದ್ರೆ ಚಿಕಿತ್ಸೆ ಆಗತ್ತೆ. ಸುಮ್ನೆ ಹೇಳ್ತೀನಿ, ನೀವೇ ಮಾಡಿ.”

ಕರ್ಚೀಫನ್ನು ಪೆನ್ನಿಗೆ ಸುತ್ತಿಸಿ ಬದನೆಕಾಯಿಯಷ್ಟು ದಪ್ಪ ಮಾಡಿಸಿದ. ಪೆನ್ನನ್ನು ಹೆಬ್ಬೆರಳ ಹಿಡಿತದಿಂದ ಬಿಡಿಸಿ ತೋರುಬೆರಳು ನಡುಬೆರಳ ಸಂದಿಯಲ್ಲಿ ಇಡಿಸಿದ. ಮುಂಗೈ ಊರಲು ಎತ್ತರದ್ದೇನಾದರೂ ಬೇಕಿತ್ತು. ಹಲ್ವಾ ಡಬ್ಬಿ ಸರಿಹೋಯಿತು. ಬೆರಳಿನಿಂದ ಬರೆಯಬೇಡಿ, ಭುಜದಿಂದ ಬರೆಯಿರಿ ಎಂದು ಹಳೆ ಪೇಪರಿನ ಮೇಲೆ ಸೊನ್ನೆ ಸುತ್ತಿಸಿದ. ಮೊದಲ ಸೊನ್ನೆಗಳು ಸುಟ್ಟ ಹಪ್ಪಳದಂತೆ ಸೊಟ್ಟಗಿದ್ದವು. ಪ್ಯೂನ್ ಇಣುಕಿದ, ಬೈಸಿಕೊಂಡು ಹೋದ. ಹೊರಗಿನವರೆಲ್ಲ ಒಳಗೆ ಭಾರೀ ವಿಚಾರಣೆ ನಡೆಯುತ್ತಿದೆಯೆಂದು ರಮಾಕಾಂತನಿಗಾಗಿ ಮರುಗಿದರು.

ಊಟದ ಹೊತ್ತು ಮೀರಿದ ಮೇಲೆ ರಾಮಮೋಹನ್ ಇದ್ದಕ್ಕಿದ್ದಂತೆ ಪೇಪರನ್ನು ತಳ್ಳಿ, ರಾಶಿಯ ಬುಡದಿಂದ ಒಂದು ಫೈಲು ಎಳೆದು ಸಹಿ ಹಾಕಿದರು. ಉಸಿರು ಬಿಡದೆ ಅದನ್ನೇ ನೋಡಿದರು. ಅವರ ಕಣ್ಣು ತುಂಬಿಕೊಂಡಿತು.

“ನನ್ನ ಸಹಿ,” ಎಂದರು. “ನನ್ನದೇ!”

“ನನ್ನ ಫೈಲು ಸಾರ್?”

“ಹಳೇದು ಮೊದಲು. ನಮ್ಮಲ್ಲಿ ಅದೇ ಪದ್ಧತಿ. ನಿಮ್ಮದೂ ಬರತ್ತೆ, ಹೊರಗೆ ಟೀ ಕುಡೀತಿರಿ.”

ರಮಾಕಾಂತ ಸುಮ್ಮನೆ ಹೊರಟಿದ್ದರೆ ಚೆನ್ನಾಗಿತ್ತು. ಆದರೆ ಕಲಿತ ವಿದ್ಯೆ ಬಾಯಿ ಮುಚ್ಚಿಕೊಂಡಿರಲಿಲ್ಲ. “ಸಾರ್, ಸೆಳೆತ ಶುರುವಾದ ತಕ್ಷಣ ನಿಲ್ಸಿಬಿಡಿ. ಹಠ ಮಾಡಿ ಇನ್ನೊಂದು ಹಾಕಿದ್ರೂ ಕೈ ಮೊದಲಿನ ಹಾಗೇ ಆಗತ್ತೆ. ನಾಳೆ ಬೆಳಿಗ್ಗೆವರೆಗೆ ಪೆನ್ನು ಮುಟ್ಟಬಾರ್ದು.”

ಟೀ ಅಂಗಡಿಯಲ್ಲಿ ನಿಂತು ನಾಲ್ಕನೆಯ ಟೀ ಹೇಳುವಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು.

“ರಮಾಕಾಂತ್!” ಕೃಷ್ಣಪ್ರಸಾದರ ದನಿ ಕೀರಲಾಗಿತ್ತು. “ಬೀಗ ಹಾಕೋರು ಬಂದುಬಿಟ್ಟಿದ್ದಾರ್ರೀ! ವಿಜಯವಾಡದಿಂದ ಈಗ ತಾನೇ ಫ್ಯಾಕ್ಸ್ ಬಂತಂತೆ. ಹೋದ ಬೇಸಿಗೆ ವರದಿಗೆ ಇವತ್ತು ಅಪ್ಪಣೆ ಆಗಿದೆ. ಅದ್ಯಾವ ಮಹಾನುಭಾವ ಇವತ್ತೇ ಸಹಿ ಹಾಕಿದ್ನೋ!”

ರಮಾಕಾಂತ ಟೀ ಲೋಟವನ್ನು ಅಲ್ಲೇ ಇಟ್ಟ. ಆ ಮಹಾನುಭಾವನ ಪೆನ್ನಿಗೆ ಕರ್ಚೀಫು ಸುತ್ತಿಸಿದವನು ತಾನೇ. ಇಷ್ಟು ದಿನ ಬೀಗ ಬೀಳದಂತೆ ಕಾಪಾಡಿದ್ದು ಆ ಸೆಟೆದ ಹೆಬ್ಬೆರಳೊಂದೇ ಎಂದು ಈಗ ಹೊಳೆಯಿತು.

ಮೊಬೈಲು ಕಿವಿಗೆ ಒತ್ತಿಕೊಂಡೇ ಓಡಿದ. ರಾಮಮೋಹನ್ ಮುಂಗೈಯನ್ನು ಹಲ್ವಾ ಡಬ್ಬಿಯ ಮೇಲೆ ಮಲಗಿಸಿಕೊಂಡು ಪರಮಾನಂದದಲ್ಲಿದ್ದರು.

“ಸ್ವಲ್ಪ ಸೆಳೆತ ಬಂತು, ನಿಲ್ಲಿಸಿಬಿಟ್ಟೆ. ನಿಮ್ಮ ಮಾತು ಮೀರ್ತೀನಾ? ಮುಂದಿನ ಫೈಲು ನಿಮ್ದೇ. ನಾಳೆ ಬೆಳಿಗ್ಗೆ ಮೊದಲನೇ ಸಹಿ.”

“ಸಾರ್, ಅಲ್ಲಿ ನನ್ನ ಕೇಂದ್ರಕ್ಕೆ ಬೀಗ ಹಾಕ್ತಿದ್ದಾರೆ! ನೀವೇ ಸಹಿ ಹಾಕಿದ್ದೀರಿ!”

ರಾಮಮೋಹನ್ ಮುಖ ಕಪ್ಪಿಟ್ಟಿತು. “ಅದು ನಿಮ್ದಾ? ಅಯ್ಯೋ... ಹೋದ ಸಹಿ ಹಿಂದಕ್ಕೆ ಬರಲ್ವಲ್ರೀ. ಒಂದು ಸಲ ಬೀಗ ಬಿದ್ರೆ ಈ ಅರ್ಜಿನೂ ವಜಾ. ಹೊಸದಾಗಿ ಹಾಕಿ ಸರದೀಲಿ ಕಾಯ್ಬೇಕು. ಆದ್ರೆ ಐದು ಗಂಟೆ ಮೇಲೆ ನಮ್ಮವರು ಬೀಗ ಹಾಕಲ್ಲ. ಇವತ್ತು ತಪ್ಪಿದ್ರೆ ನಾಳೆ ಬೆಳಿಗ್ಗೆ ನೀವು ಪಾರು.”

ಇನ್ನೊಂದೇ ಸಹಿ ಸಾರ್ ಎನ್ನಲು ರಮಾಕಾಂತ ಬಾಯಿ ತೆರೆದ. ಡಬ್ಬಿಯ ಮೇಲೆ ಆ ಹೆಬ್ಬೆರಳು ಇನ್ನೂ ಸಣ್ಣಗೆ ನಡುಗುತ್ತಿತ್ತು. ಕೇಳಿದರೆ ಹಾಕಿಯೇ ಬಿಡುತ್ತಿದ್ದರು, ಇವತ್ತಷ್ಟೇ ಪಳಗಿದ ಕೈ ಮತ್ತೆ ಹಾಳಾಗುತ್ತಿತ್ತು. ತೆರೆದ ಬಾಯಿ ಮುಚ್ಚಿಕೊಂಡ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು.

“ಅಲ್ಲೇನಾಗ್ತಿದೆ ಸಾರ್?” ಎಂದು ಮೊಬೈಲಿಗೆ ಕೂಗಿದ.

“ಸೂರ್ಯಪ್ರಕಾಶ ಗಾರು ಒಳಗಿದ್ದಾರೆ. ಬರೀ ಬನಿಯನ್ನಲ್ಲಿ ಬೀದಿಗೆ ಬರಲ್ಲ, ಅಂಗಿ ತೊಟ್ಟೇ ಬರ್ತೀನಿ ಅಂತ ಕೂತಿದ್ದಾರೆ. ಬೀಗದವನು ಗುಂಡಿ ಹಾಕಿಕೊಡಕ್ಕೆ ಹೋದ. ಗಂಗಾಭವಾನಿಯಮ್ಮ ಪೊರಕೆ ಎತ್ತಿದ್ರು ನೋಡಿ! ರೋಗಿಗೆ ಕೈ ಹಚ್ಚಿದ್ರೆ ಕೈ ಮುರೀತೀನಿ ಅಂದ್ರು. ಎಲ್ಲ ಕಾಯ್ತಿದ್ದಾರೆ.”

ರಮಾಕಾಂತನಿಗೆ ಹೋದ ಜೀವ ಬಂತು. ಮೂರನೆಯ ಗುಂಡಿಯನ್ನು ಆತ ಎಂದೂ ದಾಟಿದವರಲ್ಲ. ಅಲ್ಲಿ ಐದು ಗಂಟೆಯೇನು, ಸೂರ್ಯ ಮುಳುಗಬಹುದು.

“ಎಷ್ಟನೇ ಗುಂಡಿ ಸಾರ್?”

“ಎರಡಾಯ್ತು. ಮೂರನೇದು... ಜಾರ್ತು. ಹಾಂ, ಮತ್ತೆ ಹಿಡಿದ್ರು. ಹೋಯ್ತು, ಹೋಯ್ತು... ರೀ, ಹಾಕಿಬಿಟ್ರು ಕಣ್ರೀ!”

“ಏನಂದ್ರಿ?”

“ಮೂರನೇದು ಬಿತ್ತು! ಕೆಳಗಿನ ಅಂಗಡಿಯವರೆಲ್ಲ ಹತ್ತಿ ಬಂದಿದ್ದಾರೆ. ಬೀಗದವನೂ ‘ಇನ್ನೊಂದು ತಾತಗಾರೂ’ ಅಂತ ಹುರಿದುಂಬಿಸ್ತಿದ್ದಾನೆ.”

“ನಿಧಾನ ಮಾಡಕ್ಕೆ ಹೇಳಿ ಸಾರ್! ದಮ್ಮಯ್ಯ, ನಿಧಾನ!”

ಕೃಷ್ಣಪ್ರಸಾದ ಅತ್ತ ತಿರುಗಿ, “ಡಾಕ್ಟರ್ ಗಾರು ಫೋನಲ್ಲೇ ಇದ್ದಾರೆ, ಗಾಬರಿ ಬೇಡ ಅಂತಿದ್ದಾರೆ!” ಎಂದು ಕೂಗಿದ್ದು ಕೇಳಿಸಿತು. ಅದು ಬೇಡವಾಗಿತ್ತು. ಡಾಕ್ಟರು ಕೇಳುತ್ತಿದ್ದಾರೆಂದು ಗೊತ್ತಾದ ಮೇಲೆ ಮುದುಕರನ್ನು ಹಿಡಿಯುವವರಿಲ್ಲ. ನಾಲ್ಕನೆಯದು ಬಿತ್ತು. ಬಾಯಿ ನಿಧಾನ, ನಿಧಾನ ಎನ್ನುತ್ತಿದ್ದರೆ ರಮಾಕಾಂತನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಅವನು ತೊಟ್ಟಿದ್ದ ಅಂಗಿಯ ಕೊನೆಯ ಗುಂಡಿಯನ್ನು ತಡಕುತ್ತಿದ್ದವು. ಹೀಗೆ ಹಿಡಿಯಿರಿ, ಹೀಗೆ ತಳ್ಳಿ. ಅವನಿಗೇ ನಾಚಿಕೆಯಾಯಿತು.

ಗಡಿಯಾರದಲ್ಲಿ ಐದಕ್ಕೆ ಇನ್ನೂ ಸ್ವಲ್ಪವಿತ್ತು. ಮೊಬೈಲಿನಲ್ಲಿ ಚಪ್ಪಾಳೆ, ಸಿಳ್ಳೆ, ಗಂಗಾಭವಾನಿಯವರ ಅಳು ಒಟ್ಟಿಗೆ ಕೇಳಿಸಿದವು. ರಮಾಕಾಂತನ ಕಣ್ಣಲ್ಲೂ ನೀರು ಬಂತು. ಯಾವುದಕ್ಕೆ ಬಂತೆಂದು ಅವನಿಗೂ ಹೇಳಲಾಗುತ್ತಿರಲಿಲ್ಲ.

ಅತ್ತ ಬೀಗ ಬಿದ್ದು, ಕಾಗದ ಬರೆಯುವ ಮಾತು ಕೇಳಿಸುತ್ತಿದ್ದಾಗ ಇತ್ತ ಪಕ್ಕದಲ್ಲಿ ಟಪ್ಪೆಂದಿತು. ರಾಮಮೋಹನ್ ಹಲ್ವಾ ಡಬ್ಬಿಯ ದಾರ ಬಿಚ್ಚಿ ಮುಚ್ಚಳ ತೆಗೆದಿದ್ದರು. “ನೋಡ್ರೀ, ನಾನೇ ಬಿಚ್ಚಿದೆ! ಯಾರನ್ನೂ ಕರೀಲಿಲ್ಲ!” ಎಂದು ದೊಡ್ಡದೊಂದು ತುಂಡು ಮುರಿದು ಅವನ ಬಾಯಿಗೇ ಇಟ್ಟರು.

ಮೊಬೈಲಿನಲ್ಲಿ ಈಗ ಸೂರ್ಯಪ್ರಕಾಶ ಗಾರು ಇದ್ದರು.

“ಡಾಕ್ಟರ್ ಗಾರೂ, ಐದೂ ಗುಂಡಿ ನಾನೇ ಹಾಕಿಕೊಂಡೆ. ನಾಳೆ ಸೊಸೆ ಬರೋ ಅಷ್ಟರಲ್ಲಿ ಅಂಗಿ ತೊಟ್ಟು ಕೂತಿರ್ತೀನಿ. ಇನ್ನೊಂದು ಕೇಳಿ. ಬೀಗ ಹಾಕಿದ್ದಕ್ಕೆ ಯಾರಾದರೂ ಸಾಕ್ಷಿ ಸಹಿ ಬೇಕು ಅಂದರು. ಇವರ‍್ಯಾರೂ ಒಪ್ಪಲಿಲ್ಲ. ನಾನಿದ್ದೀನಿ ಕೊಡಿ ಅಂದೆ. ಹೆಬ್ಬೆಟ್ಟಲ್ಲ ಬಾಬೂ, ಪೂರ್ತಿ ಹೆಸರು, ಈ ಕೈಯಲ್ಲೇ ಬರೆದೆ!”

ಬಾಯಿ ತುಂಬ ಹಲ್ವಾ ಇತ್ತು. ರಮಾಕಾಂತ ಅದನ್ನು ಕಷ್ಟಪಟ್ಟು ನುಂಗಿ, “ಶಭಾಷ್,” ಎಂದ.