ಅಳಿಯ ಕಂಪ್ಯೂಟರಿನೊಳಗೆ ಬಂದದ್ದು

ತಾಂಡೂರಿನಲ್ಲಿ ನಮ್ಮ ಮಾವನವರ ಹೊಸ ಮನೆಯ ಗೃಹಪ್ರವೇಶ. ಕಾರ್ಡನ್ನು ನಾವಿರುವ ಜಹೀರಾಬಾದಿನಲ್ಲಿ ಅಚ್ಚು ಹಾಕಿಸುವ ಜವಾಬ್ದಾರಿ ಅಳಿಯನಾದ ನನ್ನ ಮೇಲೆ ಬಿತ್ತು. ಬಿತ್ತು ಎನ್ನುವುದು ವಿನಯಕ್ಕೆ, ನಾನೇ ಎತ್ತಿಕೊಂಡೆ. ಕಾರ್ಡಿನ ವಿನ್ಯಾಸ ತಾಂಡೂರಿನಲ್ಲೇ ಇದ್ದ ಹೆಂಡತಿಯ ತಮ್ಮ ಶಿವರಾಜನ ಕಂಪ್ಯೂಟರಿನಲ್ಲಿತ್ತು.

"ಭಾವಾ, ಫೈಲ್ ಈಗೇ ಕಳಸ್ಲೇನ್ರಿ?" ಎಂದು ಅವನು ಫೋನಿನಲ್ಲಿ ಕೇಳಿದ.

ಬೇಡ, ನಾನು ಇಲ್ಲಿಂದಲೇ ನಿನ್ನ ಕಂಪ್ಯೂಟರಿನೊಳಗೆ ಬಂದು ತಪ್ಪು ತಿದ್ದಿ ತೆಗೆದುಕೊಳ್ಳುತ್ತೇನೆ ಎಂದೆ. ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ನನಗೇ ನಂಬಿಕೆ ಬಂತು!

ನನ್ನದು ವಿಂಡೋಸ್, ಅವನದು ಲಿನಕ್ಸ್. ಇವೆರಡನ್ನೂ ಕೂಡಿಸುವ ಸಾಫ್ಟ್‌ವೇರ್ ಹುಡುಕುವುದು ಸಂಬಂಧ ಹುಡುಕಿದಷ್ಟೇ ಕಷ್ಟ. ಒಂದು, ವಿಂಡೋಸ್ ಬಿಟ್ಟು ಬೇರೆಯವರ ಮನೆಗೆ ಕಾಲಿಡುವುದಿಲ್ಲ ಎಂದಿತು. ಇನ್ನೊಂದು ಹೋಯಿತು, ಆದರೆ ಬರೀ ಕತ್ತಲೆ ತೋರಿಸಿತು. ಮೂರನೆಯದು ಎಲ್ಲಕ್ಕೂ ಒಪ್ಪಿತು. ಆ ಕಡೆ ಯಾರಾದರೂ 'ಅನುಮತಿ' ಎಂಬುದನ್ನು ಒತ್ತಬೇಕು, ಇಲ್ಲವೇ ಮೊದಲೇ ಪಾಸ್‌ವರ್ಡ್ ಇಟ್ಟಿರಬೇಕು. ಮನೆಯಲ್ಲಿ ಅತ್ತೆಯವರು ಇರುತ್ತಾರಲ್ಲ, ಪಾಸ್‌ವರ್ಡ್ ಯಾಕೆ ಎಂದು ನಾನು ತೀರ್ಮಾನಿಸಿದೆ. ಇದೇ ಎಡವಟ್ಟು!

ಸಂಜೆಯೊಳಗೆ ಫೈಲ್ ಬರದಿದ್ದರೆ ಗೃಹಪ್ರವೇಶ ಮುಗಿದ ಮೇಲೆಯೇ ಕಾರ್ಡು ಎಂದು ಪ್ರೆಸ್ಸಿನವರು ಹೇಳಿದ್ದರು. ಶಿವರಾಜ ಬೆಳಿಗ್ಗೆಯೇ ಆ ಸಾಫ್ಟ್‌ವೇರ್ ಹಾಕಿ, ಕಂಪ್ಯೂಟರ್ ಚಾಲೂ ಇಟ್ಟು, ಮಾವನವರ ಜೊತೆ ಕೊಡಂಗಲ್‌ಗೆ ಹೋದ. ನಾನು ಗುಂಡಿ ಒತ್ತಿದೆ. 'ಅನುಮತಿಗಾಗಿ ಕಾಯಲಾಗುತ್ತಿದೆ' ಎಂದು ಬಂತು. ಕಾದೆ. ಮತ್ತೆ ಒತ್ತಿದೆ. ಮತ್ತೆ ಕಾದೆ.

ನಮ್ಮ ಅತ್ತೆಯವರು ಅಳಿಯನ ಎದುರು ನಿಲ್ಲುವವರಲ್ಲ. ನಾನು ಹೊಸ್ತಿಲು ದಾಟಿದರೆ ಸೆರಗು ಹೊದ್ದು ಅಡುಗೆಮನೆ ಸೇರುತ್ತಾರೆ. ಚಹಾ ಮಾತ್ರ ಹೊರಗೆ ಬರುತ್ತದೆ. ಹೆಂಡತಿ ಸುವರ್ಣಾ ಫೋನ್ ಮಾಡಿದಾಗ ಅವರು ಅಡುಗೆಮನೆಯಿಂದ ಪಿಸುಗುಟ್ಟಿದರು: "ಅಳಿಯಂದ್ರು ಕಂಪ್ಯೂಟರಿನಾಗ ಬರ್ತಾರಂತ ನೀನೇ ಹೇಳ್ದಿ. ಚಹಾ ಇಟ್ಟು ಒಳಗ ಬಂದೀನಿ."

ಬರುವುದು ಬರೀ ಬಾಣದ ಗುರುತು, ಒಂದು ಗುಂಡಿ ಒತ್ತಿ ಅನುಮತಿ ಕೊಟ್ಟರೆ ಸಾಕು ಎಂದು ಸುವರ್ಣಾ ತಿಳಿಸಿ ಹೇಳಿದಳು.

"ಅಳಿಯಂದ್ರು ಒಳಗ ಬರಾಕ ನಾ ಯಾಕ ಪರವಾನಗಿ ಕೊಡ್ಲಿ? ಅದು ಅವರದೇ ಮನಿ. ಹಂಗೇ ಬರ್ಲಿ ಅನ್ನು."

ಇಷ್ಟು ಪ್ರೀತಿಯ ಮಾತಿಗೂ ಸಾಫ್ಟ್‌ವೇರ್ ಕರಗಲಿಲ್ಲ. ಮಾವನವರ ಮುಂದೆ ಮರ್ಯಾದೆ ಹೋಗುತ್ತದೆಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಕೊನೆಗೆ, ದೂರದಿಂದಲೇ ಕೆಲಸ ಮಾಡುವ ಆ ಸಾಫ್ಟ್‌ವೇರಿಗೆ ನೆರವಾಗಲು ತಾಂಡೂರಿನ ಬಸ್ಸು ಹತ್ತಿದೆ!

ಬೆವರೊರೆಸಿಕೊಳ್ಳುತ್ತ ಶಿವರಾಜನ ಕಂಪ್ಯೂಟರಿನ ಮುಂದೆ ಕುಳಿತೆ. ಸುವರ್ಣಾಗೆ ಫೋನ್ ಮಾಡಿ ಜಹೀರಾಬಾದಿನಿಂದ ಸಂಪರ್ಕಿಸಲು ಹೇಳಿದೆ. ವಿಧ್ಯುಕ್ತವಾಗಿ 'ಅನುಮತಿ' ಒತ್ತಿದೆ. ಬಾಣ ಸರಸರನೆ ಓಡಾಡಿತು. ಅವಳು ತಪ್ಪು ತಿದ್ದಿ, ಫೈಲ್ ತೆಗೆದುಕೊಂಡು ಪ್ರೆಸ್ಸಿಗೂ ಕಳಿಸಿಬಿಟ್ಟಳು. ಗೆದ್ದೆವು ಎಂದೆ.

ಅವಳು, "ಅಲ್ಲರೀ, ನೀವು ಅದರ ಮುಂದೇ ಕುಂತೀರಿ. ಅಲ್ಲಿಂದಲೇ ಕಳಸಾಕ ಬರ್ತಿರ್ಲಿಲ್ಲೇನು?" ಎಂದಳು.

ಮಾನಿಟರಿನ ಪಕ್ಕದಲ್ಲಿ, ಬೆಳಿಗ್ಗೆ ಕಂಪ್ಯೂಟರಿನೊಳಗೆ ಬರಬೇಕಿದ್ದ ಅಳಿಯನಿಗೆಂದು ಅತ್ತೆಯವರು ಇಟ್ಟಿದ್ದ ಚಹಾ ಕೆನೆಗಟ್ಟಿ ಕುಳಿತಿತ್ತು. ಅದನ್ನೇ ಎತ್ತಿ ಕುಡಿದೆ.