ಕಂಪ್ಯೂಟರ್ ಮೇಡಂ ಬಸ್ಸಿಳಿದರು

ಕಂಪ್ಯೂಟರ್ ಕೆಡುವುದು ಕಡಿಮೆ, ಕೆಟ್ಟಿದೆ ಅಂತ ಫೋನ್ ಬರುವುದು ಜಾಸ್ತಿ. ಇವೆರಡರ ನಡುವಿನ ಜಾಗದಲ್ಲೇ ನಾನು ಇಷ್ಟು ವರ್ಷ ಅನ್ನ ದುಡಿದಿದ್ದೇನೆ. ನಗು ಬರುವಂಥದ್ದು ಏನಾದರೊಂದು ಅಲ್ಲಿ ಇವತ್ತಿಗೂ ನಡೆಯುತ್ತಲೇ ಇರುತ್ತದೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಡಿದ್ದರ ರುಚಿಯೇ ಬೇರೆ.

ಶಿಕಾರಿಪುರದಲ್ಲಿ ನಮ್ಮ ಯಜಮಾನರದು ಒಂದು ಅಂಗಡಿ. ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದವರು ಧೈರ್ಯ ಮಾಡಿ ಕಂಪ್ಯೂಟರ್ ಮಾರಲು ಇಳಿದಿದ್ದರು. ಮಾರಾಟವಾದದ್ದು ಮೂರು. ಊರಲ್ಲೇ ಇದ್ದ ಒಬ್ಬ ನಿವೃತ್ತ ಮೇಷ್ಟ್ರಿಗೆ ಒಂದು, ಸೊರಬದ ಗೊಬ್ಬರದಂಗಡಿ ಸಾಹುಕಾರರಿಗೆ ಒಂದು, ಆನವಟ್ಟಿಯ ಪ್ರೆಸ್ಸಿನವರಿಗೆ ಒಂದು. ಯುಗಾದಿವರೆಗೆ ಬಳಸಿ ನೋಡಿ, ಸರಿಬರದಿದ್ದರೆ ವಾಪಸ್ ಕೊಡಿ ಅಂತ ಯಜಮಾನರೇ ಮೂವರಿಗೂ ಮಾತು ಕೊಟ್ಟಿದ್ದರು. ಅವರಿಗೆ ಹೇಳಿಕೊಡಲು, ತಕರಾರು ಬಂದರೆ ಬಸ್ ಹತ್ತಿ ಹೋಗಲು ನನ್ನನ್ನು ಇಟ್ಟುಕೊಂಡರು. ಮೊದಲ ದಿನವೇ ಕೂರಿಸಿಕೊಂಡು ಹೇಳಿದರು, "ಮೂರರಾಗೆ ಒಂದು ವಾಪಸ್ ಬಂದ್ರೂ ನೀನೂ ಮನೆಗೆ ವಾಪಸ್ ನೋಡವ್ವ."

ಮನೆಯಲ್ಲಿ ಏನು ಕಾದಿತ್ತೆಂದರೆ, ಚಿಕ್ಕಪ್ಪನ ಬಟ್ಟೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಕತ್ತರಿಸುವ ಕೆಲಸ. ಬ್ಲೌಸ್ ಪೀಸಿನ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ವ್ಯಾನಿಟಿ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು, ಕಿಟಕಿ ಪಕ್ಕ ಕೂತು, ಒಬ್ಬಳೇ ಸೊರಬಕ್ಕೆ ಟಿಕೆಟ್ ಕೇಳುವ ಸುಖ ಒಮ್ಮೆ ಹತ್ತಿದ ಮೇಲೆ ಬಿಡುವುದು ಕಷ್ಟ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಹಾಗಾಗಿ ಮೂರು ಗಿರಾಕಿಗಳನ್ನೂ ಬೀಗರಂತೆ ನೋಡಿಕೊಳ್ಳುತ್ತಿದ್ದೆ.

೧. ಬಾಲ ಬಂದ ಬಾಣ

ಮೇಷ್ಟ್ರು ತಾಲ್ಲೂಕು ಕಚೇರಿ ಹತ್ತಿರ ಒಂದು ಸಣ್ಣ ರೂಮು ಹಿಡಿದು ಜನರಿಗೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದರು. ಟೈಪ್ ಮಾಡುವುದರಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. ಕಷ್ಟವಿದ್ದದ್ದು ಮೌಸಿನಲ್ಲಿ. ಕನ್ನಡಕ ಎಷ್ಟು ಒರೆಸಿಕೊಂಡರೂ ಪರದೆಯ ಮೇಲಿನ ಬಾಣ ಅವರಿಗೆ ಕಾಣುತ್ತಿರಲಿಲ್ಲ. ಮೌಸನ್ನು ಮೇಜಿನ ತುಂಬ ಉಜ್ಜಿ, ಎಲ್ಲಿ ಹೋಯ್ತು ಇದು ಅಂತ ಮಾನಿಟರಿನ ಹಿಂದೆ ಕೂಡ ಒಂದು ಸಲ ಇಣುಕಿದ್ದರು.

ಇದಕ್ಕೊಂದು ಸುಲಭದ ದಾರಿ ವಿಂಡೋಸಿನಲ್ಲೇ ಇದೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಮೌಸ್ ಅಂತಿರುವುದನ್ನು ತೆಗೆದು, ಒಂದು ಟಿಕ್ ಹಾಕಿದರೆ ಬಾಣಕ್ಕೆ ಬಾಲ ಬರುತ್ತದೆ. ಬಾಣ ಓಡಿದ ಕಡೆ ಅದರ ಹಿಂದೆ ನಾಲ್ಕಾರು ಬಾಣ ಸಾಲಾಗಿ ಓಡಿ ಬಂದು ಕೊನೆಗೆ ಒಂದರಲ್ಲೊಂದು ಸೇರಿಕೊಳ್ಳುತ್ತವೆ. ಹಾಕಿಕೊಟ್ಟೆ. ಮೇಷ್ಟ್ರ ಮುಖ ಅರಳಿತು. ನನಗೆ ಎರಡೆರಡು ಸಲ ಟೀ ತರಿಸಿದರು.

ವಾರ ಕಳೆಯುವುದರೊಳಗೆ ಮತ್ತೆ ಕರೆ ಬಂತು. ಕಂಪ್ಯೂಟರ್ ಬಹಳ ನಿಧಾನವಾಗಿದೆ, ಅರ್ಜಿಗೆ ಬಂದವರು ಬೈದುಕೊಂಡು ಎದ್ದು ಹೋಗುತ್ತಿದ್ದಾರೆ ಅಂತ. ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ಮೇಷ್ಟ್ರು ಬಾಣವನ್ನು ಒಯ್ದು ಸರಿಯಾದ ಜಾಗದಲ್ಲಿ ನಿಲ್ಲಿಸುವರು, ಆಮೇಲೆ ಬೆರಳೆತ್ತಿ ಸುಮ್ಮನೆ ಕೂರುವರು. ಒತ್ತಿ ಸಾರ್ ಅಂದೆ.

"ತಡಿಯಮ್ಮ. ಹಿಂದಿನವು ಇನ್ನೂ ಬರ್ತಾ ಇದಾವೆ."

ಎಲ್ಲ ಬಾಣಗಳೂ ಬಂದು ಸೇರಿದವು ಅಂತ ಮನಸ್ಸಿಗೆ ಖಾತ್ರಿಯಾದ ಮೇಲೆಯೇ ಕ್ಲಿಕ್. ಮೊದಲನೆಯದು ತಲುಪಿದರೆ ಸಾಕು ಸಾರ್, ಉಳಿದವು ಬರೀ ನೆರಳು ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ಪ್ರವಾಸಕ್ಕೆ ಕರೆದುಕೊಂಡು ಹೋದವರು ಅವರು. ಕೊನೆಗೆ ಬಾಲವನ್ನು ಇದ್ದುದರಲ್ಲೇ ಗಿಡ್ಡ ಮಾಡಿ ಬಂದೆ. ಬರುವಾಗ ಮೇಷ್ಟ್ರು ಬೇಜಾರಿನಲ್ಲಿ ಕೇಳಿದ್ದು ಒಂದೇ ಮಾತು, ಉಳಿದವಕ್ಕೆ ನೀನು ಟಿ.ಸಿ. ಕೊಟ್ಟು ಕಳಿಸಿಬಿಟ್ಟೆಯಾ ಅಂತ.

೨. ತಪ್ಪಿಗೊಂದು ಗಂಟೆ

ನಮ್ಮ ಯಜಮಾನರಿಗೆ ರೇಡಿಯೋ ಕಾಲದಿಂದಲೂ ಶಬ್ದದ ಹುಚ್ಚು. ತಪ್ಪು ಮಾಡಿದಾಗ ಕಂಪ್ಯೂಟರ್ 'ಡಿಂಗ್' ಅನ್ನುವುದು ಅವರಿಗೆ ಹಿಡಿಸಲಿಲ್ಲ. ಯಾರೋ ಹೊರಗಿನವರು ಬೈದ ಹಾಗಿರುತ್ತದೆ ಅಂದರು. ಆ ಶಬ್ದವನ್ನು ಬದಲಾಯಿಸಲು ಬರುತ್ತದೆ ಅಂತ ನಾನು ಬಾಯಿಬಿಟ್ಟಿದ್ದೇ ತಡ, ಮನೆಯಿಂದ ಪೂಜೆಯ ಗಂಟೆ ತಂದು, ಮೈಕ್ ಹಿಡಿದು, ಮೂರು ಸಲ ಬಾರಿಸಿ ರೆಕಾರ್ಡ್ ಮಾಡಿ ಸೇರಿಸಿಯೇಬಿಟ್ಟರು. ಸ್ಪೀಕರು ರಸ್ತೆಯ ಕಡೆಗಿತ್ತು.

ಮಾರನೆಯ ದಿನ ನಾನು ಹೊಸ ಪ್ರಿಂಟರ್ ಜೋಡಿಸಲು ಕೂತೆ. ಒಂದು ತಪ್ಪಾಯಿತು, ಗಂಟೆ ಮೊಳಗಿತು. ಅಂಗಡಿ ಮುಂದೆ ಹೋಗುತ್ತಿದ್ದ ಮುದುಕರೊಬ್ಬರು ನಿಂತು, ಚಪ್ಪಲಿ ಬಿಟ್ಟು, ಕೈಮುಗಿದು ಹೋದರು. ಮತ್ತೊಂದು ತಪ್ಪು, ಮತ್ತೆ ಗಂಟೆ. ತರಕಾರಿ ಚೀಲ ಹಿಡಿದ ಹೆಂಗಸರಿಬ್ಬರು ಚೀಲ ಕೆಳಗಿಟ್ಟು ಕೈಯನ್ನು ಕಣ್ಣಿಗೊತ್ತಿಕೊಂಡರು. ಪ್ರಿಂಟರ್ ಸಂಜೆವರೆಗೂ ಜಗ್ಗಲಿಲ್ಲ. ಯಜಮಾನರು ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ನೀನು ಹೀಗೇ ಕೆಲಸ ಮಾಡುತ್ತಿದ್ದರೆ ಈ ರಸ್ತೆಯಲ್ಲಿ ಯಾರಿಗೂ ಪುಣ್ಯಕ್ಕೆ ಕೊರತೆಯಾಗುವುದಿಲ್ಲ ಅಂದರು, ಅಷ್ಟೆ.

೩. ಬೋಣಿ

ಸೊರಬದ ಸಾಹುಕಾರರು ಎಡಚರು. ಬರೆಯುವುದು, ತೂಗುವುದು, ಗಿರಾಕಿಗೆ ಕೈ ಮಾಡಿ ಕರೆಯುವುದು ಎಲ್ಲ ಎಡಗೈಯಲ್ಲೇ. ಮೌಸನ್ನು ಬಲಗೈಯಲ್ಲಿ ಹಿಡಿದು ಒದ್ದಾಡುತ್ತಿದ್ದುದನ್ನು ನೋಡಲಾಗದೆ ಅದರ ಗುಂಡಿಗಳನ್ನು ಅದಲುಬದಲು ಮಾಡಿಕೊಟ್ಟೆ. ಎಡಚರಿಗೆಂದೇ ಇರುವ ಏರ್ಪಾಡು ಅದು. ಆವರೆಗೆ ಎಡಗುಂಡಿ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಬಲಗುಂಡಿ ಮಾಡುತ್ತದೆ. ಮೌಸನ್ನು ಎಡಗಡೆಗಿಟ್ಟು ತೋರಿಸಿದಾಗ ಅವರು ಅದರ ಮೇಲೆ ಎಡಗೈಯಿಟ್ಟು ಸವರಿದರು. ಚಿಕ್ಕಂದಿನಲ್ಲಿ ಸ್ಕೂಲಲ್ಲಿ ಎಡಗೈಗೆ ತಿಂದ ಏಟನ್ನೆಲ್ಲ ನೆನೆಸಿಕೊಂಡು, ಯಂತ್ರಕ್ಕಾದರೂ ನನ್ನ ಕೈ ಅರ್ಥವಾಯಿತಲ್ಲ ಅಂದರು. ನನಗೂ ಕಣ್ಣು ತುಂಬಿ ಬಂತು. ಇವರ ಕಂಪ್ಯೂಟರಂತೂ ವಾಪಸ್ ಬರುವುದಿಲ್ಲ ಅಂದುಕೊಂಡೆ.

ಆದರೆ ಫೋನ್ ಶುರುವಾದದ್ದು ಅಲ್ಲಿಂದಲೇ. ಬೆಳಿಗ್ಗೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಫೋನ್. "ಬಿಲ್ಲಿಂದು ತೆಗಿ ಅಂತ ಒತ್ತಿದ್ರೆ ತೆಗಿಯಲ್ಲ ಮೇಡಂ. ಹೋಟ್ಲು ಮಾಣಿ ಥರ ಏನೇನ್ ಉಂಟು ಅಂತ ಪಟ್ಟಿ ಹೇಳ್ತಾ ನಿಲ್ತದೆ." ನಾನು ಬಸ್ ಹಿಡಿದು ಹನ್ನೊಂದು ಗಂಟೆಗೆ ತಲುಪಿದರೆ ಎಲ್ಲ ಸರಿ. ಸಾಹುಕಾರರು ನನ್ನ ಕಣ್ಣೆದುರೇ ಒತ್ತುವರು, ಬಿಲ್ಲಿನ ಪರದೆ ಲಕ್ಷಣವಾಗಿ ತೆರೆದುಕೊಳ್ಳುವುದು. ಮತ್ತೊಂದು ಬೆಳಿಗ್ಗೆ ಅದೇ ದೂರು, ಹನ್ನೊಂದಕ್ಕೆ ಅದೇ ಆರೋಗ್ಯ. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುವ ಹಾಗೆ. ಕೊನೆಗೊಂದು ದಿನ ಅವರು ಬೇಸತ್ತು, ಬೋಣಿ ಹೊತ್ತಿಗೇ ತಕರಾರು ಮಾಡುವ ಸಾಮಾನು ಅಂಗಡಿಯಲ್ಲಿ ಇಟ್ಟುಕೊಳ್ಳಬಾರದು, ತೆಗೆದುಕೊಂಡು ಹೋಗಿ ಅಂದರು. ಬ್ಲೌಸ್ ಪೀಸುಗಳು ಬಣ್ಣಬಣ್ಣವಾಗಿ ನನ್ನ ಕಣ್ಣಮುಂದೆ ಹಾದುಹೋದವು.

ಒಂದೇ ಒಂದು ದಿನ ಕೊಡಿ ಅಂತ ಬೇಡಿಕೊಂಡು, ಸೊರಬದಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಹೋಗಿ ನಿಂತೆ. ಸಾಹುಕಾರರು ಕಸ ಗುಡಿಸಿ, ನೀರು ಚಿಮುಕಿಸಿ, ಕೈ ತೊಳೆದು, ವಿಭೂತಿ ಇಟ್ಟುಕೊಂಡರು. ಊದುಬತ್ತಿ ಹಚ್ಚಿ ದೇವರ ಫೋಟೋಕ್ಕೆ, ತಕ್ಕಡಿಗೆ, ಮಾನಿಟರಿಗೆ ಬೆಳಗಿದರು. ಆಮೇಲೆ ಕುರ್ಚಿಯಲ್ಲಿ ಕೂತು, ಎಡಗಡೆಯಿದ್ದ ಮೌಸನ್ನು ಭಕ್ತಿಯಿಂದ ಎತ್ತಿ ಬಲಗಡೆಗಿಟ್ಟು, ಬಲಗೈಯಲ್ಲಿ ಒತ್ತಿದರು. ತೋರುಬೆರಳು ಬಿದ್ದದ್ದು ಎಡಗುಂಡಿಯ ಮೇಲೆ, ಅದಲುಬದಲಾದ ಮೇಲೆ ಪಟ್ಟಿ ತೋರಿಸುವುದು ಅದೇ. ಪಟ್ಟಿ ಬಂತು.

ಯಾಕೆ ಸಾರ್ ಬಲಗೈ ಅಂದೆ. ಅವರು ನನ್ನನ್ನು ಏನೂ ತಿಳಿಯದ ಹುಡುಗಿಯ ಹಾಗೆ ನೋಡಿದರು. "ಬೋಣಿ ಹೊತ್ತಲ್ಲಿ ಯಾರಾದ್ರೂ ಎಡಗೈ ಮುಟ್ಟಿಸ್ತಾರೇನ್ರೀ?"

ಸ್ಟಾರ್ಟ್‌ಅಪ್ ಅಂತ ಒಂದು ಫೋಲ್ಡರ್ ಇರುತ್ತದೆ. ಅದರೊಳಗೆ ಯಾವುದನ್ನು ಇಟ್ಟರೂ ಕಂಪ್ಯೂಟರ್ ಆನ್ ಆದೊಡನೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಬಿಲ್ಲಿನದನ್ನು ಅಲ್ಲಿಗೆ ಹಾಕಿಕೊಟ್ಟು, ನೀವು ಸ್ವಿಚ್ಚನ್ನು ಬಲಗೈಯಲ್ಲಿ ಒತ್ತಿ, ಬೋಣಿ ಅಲ್ಲಿಗೇ ಆಯಿತು, ಆಮೇಲೆ ಯಾವ ಕೈಯಾದರೂ ನಡೆಯುತ್ತದೆ ಅಂದೆ. ಸಾಹುಕಾರರಿಗೆ ಖುಷಿಯೋ ಖುಷಿ. ಬಸ್‌ಸ್ಟ್ಯಾಂಡಿನವರೆಗೂ ಬಂದು ಬೀಳ್ಕೊಟ್ಟರು.

ಬಸ್ ಹೊರಡುವಾಗ ಕಿಟಕಿ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಹೇಳಿದರು. "ಬೇಜಾರು ಮಾಡ್ಕೋಬೇಡಿ ಮೇಡಂ. ಮೊದಲೆಲ್ಲ ನೀವು ಅಂಗಡಿಗೆ ಎಡಗಾಲಿಟ್ಟು ಬರ್ತಿದ್ರಿ. ನಾನೇ ಹೇಳಿರಲಿಲ್ಲ."

೪. ದೀಪ ಹಚ್ಚಿದ ಮೇಲೆ

ಯುಗಾದಿ ಹತ್ತಿರ ಬಂತು. ಉಳಿದದ್ದು ಆನವಟ್ಟಿಯ ಪ್ರೆಸ್ಸು. ಮನೆಯ ಮುಂದಿನ ಕೋಣೆಯಲ್ಲೇ ಪ್ರೆಸ್ಸು, ಹಿಂದೆ ಸಂಸಾರ. ಯಜಮಾನಿಕೆ ಮಗನದಾದರೂ ಮಾತು ನಡೆಯುತ್ತಿದ್ದದ್ದು ಅವರ ವಯಸ್ಸಾದ ತಾಯಿಯದು, ನಾನು ಅವರನ್ನು ಅಜ್ಜಿ ಅನ್ನುತ್ತಿದ್ದೆ. ಮದುವೆ ಕಾಲವಾದ್ದರಿಂದ ಲಗ್ನಪತ್ರಿಕೆಯ ಕೆಲಸ ರಾಶಿ ಬಿದ್ದಿತ್ತು. ಕಂಪ್ಯೂಟರ್ ಬಗ್ಗೆ ಅವರು ಒಂದು ದೂರನ್ನೂ ಹೇಳಿರಲಿಲ್ಲ.

ಒಂದು ದಿನ ಮಧ್ಯಾಹ್ನ ಮಗ ಫೋನ್ ಮಾಡಿದರು. ಪರದೆಗೆ ಮನೆದೇವರ ಫೋಟೋ ಹಾಕಿಕೊಂಡಿದ್ದಾರೆ, ಆದರೆ ಫೈಲಿನ ಚಿತ್ರಗಳೆಲ್ಲ ದೇವರ ಮುಖದ ಮೇಲೆ ಸಾಲಾಗಿ ಕೂತಿವೆ, ಪಕ್ಕಕ್ಕೆ ಸರಿಸಿದರೆ ಮತ್ತೆ ಅಲ್ಲಿಗೇ ಓಡುತ್ತವೆ, ಅವ್ವ ಬೈಯುತ್ತಾರೆ. ಇದು ನನಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ತಾನಾಗಿ ಸಾಲು ಹಚ್ಚು ಅನ್ನುವುದರ ಮುಂದಿನ ಟಿಕ್ ತೆಗೆದುಬಿಡಿ, ಆಮೇಲೆ ಒಂದೊಂದನ್ನೇ ಎಳೆದು ಅಂಚಿಗೆ ಬಿಡಿ ಅಂದೆ. ಅವರು ಹಾಗೇ ಮಾಡಿದರು.

ಸಂಜೆ ಮತ್ತೆ ಫೋನ್. ಮದುಮಕ್ಕಳ ದೊಡ್ಡ ದೊಡ್ಡ ಫೋಟೋ ಹಾಕಿ ಹಾಕಿ ಡಿಸ್ಕ್ ತುಂಬಿಹೋಗಿತ್ತು. ಪ್ರಿಂಟ್ ಕೊಟ್ಟರೆ ಜಾಗವಿಲ್ಲ ಅನ್ನುತ್ತಿತ್ತು. ಇದೂ ಸುಲಭವೇ. ಬೇಡದ್ದನ್ನೆಲ್ಲ ಅಳಿಸಿದಾಗ ಅದು ಕಸದ ಬುಟ್ಟಿಯಲ್ಲಿ ಹೋಗಿ ಕೂತಿರುತ್ತದೆ, ಬುಟ್ಟಿ ಖಾಲಿ ಮಾಡಿದರೆ ಜಾಗವಾಗುತ್ತದೆ. ಪರದೆಯ ಮೇಲಿರುವ ಬುಟ್ಟಿಯ ಚಿತ್ರ ಒತ್ತಿ, ಖಾಲಿ ಮಾಡಿಬಿಡಿ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಮಗ ತಗ್ಗಿದ ದನಿಯಲ್ಲಿ, ಅವ್ವ ಬೇಡ ಅಂತಾರೆ ಅಂದರು. ದೀಪ ಹಚ್ಚಿ ಆಯಿತಂತೆ. ದೀಪ ಹಚ್ಚಿದ ಮೇಲೆ ಮನೆಯ ಕಸ ಹೊರಗೆ ಹಾಕಿದರೆ ಲಕ್ಷ್ಮಿ ಹೋಗುತ್ತಾಳಂತೆ.

ನನಗೆ ರೇಗಿತು. ಅದು ನಿಜವಾದ ಕಸವಲ್ಲ ಅಂತ ಹೇಳಿ ಅಂದೆ. ಫೋನನ್ನು ಅಜ್ಜಿಯೇ ಇಸಿದುಕೊಂಡರು.

"ಕಸ ಅಲ್ಲದಿದ್ರೆ ಬುಟ್ಟಿಯಾಗ ಯಾಕಿಟ್ಟೀಯವ್ವ?"

ಬೆಳಿಗ್ಗೆ ಖಾಲಿ ಮಾಡಿ ಅಂತ ಫೋನ್ ಇಟ್ಟು, ಈ ಅಜ್ಜಿಯಂದಿರ ಕಾಟದಲ್ಲಿ ದೇಶ ಉದ್ಧಾರವಾಗುವುದಿಲ್ಲ ಅಂತ ಯಜಮಾನರ ಮುಂದೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ.

ಬೆಳಿಗ್ಗೆ ಅಂಗಡಿಯ ಫೋನ್ ಹೊಡೆದುಕೊಂಡಾಗ ಎತ್ತಿದವರು ಯಜಮಾನರು. ಅತ್ತಲಿನ ಕೂಗು ನಾನು ಕೂತಲ್ಲಿಗೂ ಕೇಳುತ್ತಿತ್ತು. ವಾರಗಟ್ಟಲೆ ಕೂತು ಹೊಂದಿಸಿದ್ದ ಒಂದು ಲಗ್ನಪತ್ರಿಕೆ ಕಂಪ್ಯೂಟರಿನಲ್ಲಿ ಎಲ್ಲೂ ಇಲ್ಲ. ಎರಡೂ ಕಡೆಯ ಬೀಗರ ಹೆಸರು ಹಿಂದೆಮುಂದೆ ಮಾಡಿ, ಜಗಳವಾಗಿ, ರಾಜಿಯಾಗಿ, ಎಲ್ಲರೂ ಒಪ್ಪಿದ ಪತ್ರಿಕೆ ಅದು. ಹುಡುಗಿಯ ತಂದೆ ಪ್ರತಿ ಒಯ್ಯಲು ಬಂದು ಬೆಂಚಿನ ಮೇಲೆ ಕೂತಿದ್ದಾರೆ. ಮರ್ಯಾದೆ ಹೋಯಿತು, ಇವತ್ತೇ ಬಂದು ಯಂತ್ರ ಒಯ್ಯಿರಿ. ಯಜಮಾನರು ಫೋನ್ ಇಟ್ಟು ನನ್ನ ಕಡೆ ನೋಡಿದರು. ಬಸ್ಸಿನ ದುಡ್ಡು ತೆಗೆದು ಮೇಜಿನ ಮೇಲಿಟ್ಟರು.

ಆನವಟ್ಟಿಯ ದಾರಿ ಅವತ್ತು ಮುಗಿಯಲೇ ಇಲ್ಲ. ಹೋಗಿ, ಬಲಗಾಲಿಟ್ಟು ಒಳಗೆ ಹೊಕ್ಕು, ಕಂಪ್ಯೂಟರಿನ ಮೂಲೆಮೂಲೆ ಹುಡುಕಿದೆ. ಇಲ್ಲ. ನಿನ್ನೆ ಕೊನೆಗೆ ಏನು ಮಾಡಿದಿರಿ ಅಂತ ಮಗನನ್ನು ಕೇಳಿದೆ. ದೇವರ ಮುಖದ ಮೇಲಿದ್ದುದನ್ನೆಲ್ಲ ನೀವು ಹೇಳಿದ ಹಾಗೇ ಎಳೆದು ಅಂಚಿಗೆ ಬಿಟ್ಟೆ ಅಂದರು. ಒಂದನ್ನು ಬಿಡುವಾಗ ಅದು ಇಂಗ್ಲಿಷಿನಲ್ಲಿ ಏನೋ ಕೇಳಿತಂತೆ. ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ ಅಂತ ಇವರು ಹೌದು ಅಂದರಂತೆ.

ಎಲ್ಲಿ ಬಿಟ್ಟಿರಿ ಅಂದೆ. ಅವರ ಬೆರಳು ನಿಧಾನವಾಗಿ ಬುಟ್ಟಿಯ ಮೇಲೆ ಹೋಗಿ ನಿಂತಿತು.

ಬುಟ್ಟಿ ತೆರೆದೆ. ಹಳೆಯ ಕರಪತ್ರ, ಕೆಟ್ಟ ಫೋಟೋಗಳ ನಡುವೆ ಲಗ್ನಪತ್ರಿಕೆ ಹಾಯಾಗಿ ಮಲಗಿತ್ತು. ಒಂದು ಗುಂಡಿ ಒತ್ತಿದ್ದಕ್ಕೆ ಎದ್ದು ಬಂದು ತನ್ನ ಜಾಗದಲ್ಲಿ ನಿಂತಿತು. ನನ್ನ ಮಾತು ಕೇಳಿ ನಿನ್ನೆ ಸಂಜೆ ಬುಟ್ಟಿ ಖಾಲಿ ಮಾಡಿದ್ದರೆ ಪತ್ರಿಕೆಯೂ ಇಲ್ಲ, ಪ್ರೆಸ್ಸಿನ ಮರ್ಯಾದೆಯೂ ಇಲ್ಲ, ನನ್ನ ಕೆಲಸವೂ ಇಲ್ಲ. ಬೆಳಿಗ್ಗೆ ಪತ್ರಿಕೆ ಹುಡುಕುವ ಗಾಬರಿಯಲ್ಲಿ ಮಗನಿಗೆ ಬುಟ್ಟಿಯ ನೆನಪೇ ಆಗಿರಲಿಲ್ಲ. ನಾನು ಅಲ್ಲೇ ಕುರ್ಚಿಯಲ್ಲಿ ಕೂತು, ಎಲ್ಲರೆದುರೂ ಅತ್ತುಬಿಟ್ಟೆ.

ಅಜ್ಜಿ ಒಳಗಿಂದ ಅವಲಕ್ಕಿ, ಮಜ್ಜಿಗೆ ತಂದಿಟ್ಟರು. ನಾನು ಬುಟ್ಟಿಯಲ್ಲಿ ಉಳಿದಿದ್ದ ಒಂದೊಂದರ ಹೆಸರನ್ನೂ ಗಟ್ಟಿಯಾಗಿ ಓದಿ, ಅಜ್ಜಿ ಆಯ್ತು ಅಂದ ಮೇಲೆ, ಹಗಲು ಬೆಳಕಿನಲ್ಲಿ ಖಾಲಿ ಮಾಡಿದೆ. ಜಾಗವಾಗಿ ಪತ್ರಿಕೆ ಪ್ರಿಂಟಾಯಿತು. ಹುಡುಗಿಯ ತಂದೆ ಪ್ರತಿ ಓದಿ, ಹೆಸರುಗಳೆಲ್ಲ ರಾಜಿಯಾದ ಕ್ರಮದಲ್ಲೇ ಇವೆ ಅಂತ ತಲೆಯಾಡಿಸಿ ಬಸ್ಸಿಗೆ ಹೋದರು. ಕಂಪ್ಯೂಟರ್ ಇಲ್ಲೇ ಇರಲಿ ಅಂತ ಮಗ ನಮ್ಮ ಯಜಮಾನರಿಗೆ ಫೋನ್ ಮಾಡಿ ತಿಳಿಸಿದರು.

ಹೊರಡುವಾಗ ಅಜ್ಜಿ ಕುಂಕುಮ ಕೊಟ್ಟು, ಪ್ರೆಸ್ಸಿನ ಫೋನ್ ನಂಬರನ್ನು ಒಂದು ಚೂರು ಪೇಪರಿನಲ್ಲಿ ಮಗನಿಂದ ಬರೆಸಿ ನನ್ನ ಕೈಗಿಟ್ಟರು. ನಂಬರ್ ನನ್ನ ಹತ್ತಿರ ಇದೆ ಅಜ್ಜಿ ಅಂದೆ.

"ಇರ್ಲಿ ತಗೋ ತಂಗಿ. ಇನ್ನೂ ಹೊಸಬಳು ನೀನು. ಕಂಪ್ಯೂಟ್ರಾಗ ಏನಾರ ತಿಳೀದಿದ್ರೆ ಸಂಕೋಚ ಮಾಡ್ಬೇಡ, ನಂಗೊಂದು ಫೋನ್ ಮಾಡು."