ಅರಾಬಾಳ ಕೆಮ್ಮು ಛಾವಣಿ ಹತ್ತಿದ್ದು

ಅಬುರಾನೊ ಊರಿನ ಅರಾಬಾ ಓಟುವಾ ಎಂಬ ಹೆಂಗಸಿಗೆ ಇರುವುದು ಒಂದು ಕೆಮ್ಮಲ್ಲ, ಮೂರು ಕೆಮ್ಮು ಎಂದು ವಿಶ್ವವಿದ್ಯಾಲಯ ತೀರ್ಮಾನಿಸಿದೆ. ಈ ತೀರ್ಮಾನದ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ.

ಅರಾಬಾ ಘಾನಾದ ಕಡಲ ದಂಡೆಯಲ್ಲಿ ಮೀನಿಗೆ ಹೊಗೆ ಹಿಡಿಸುವವಳು. ದೋಣಿ ದಡ ಮುಟ್ಟಿದ ಕೂಡಲೇ ಮೀನು ಕೊಂಡು, ಮಣ್ಣಿನ ಒಲೆಯ ಮೇಲೆ ಜಾಲರಿ ಹಾಸಿ, ಕೆಳಗೆ ಸೌದೆ ಒಟ್ಟಿ, ತಗಡಿನ ಕೊಟ್ಟಿಗೆಯೊಳಗೆ ದಿನವಿಡೀ ಕೂತಿರುತ್ತಾಳೆ. ಹೊಗೆಗೆ ಮೀನು ಯಾವುದು, ಹೆಂಗಸು ಯಾವುದು ಎಂಬ ಭೇದವಿಲ್ಲ. ಮೀನು ಕಂದುಬಣ್ಣಕ್ಕೆ ತಿರುಗಿ ಕುಮಾಸಿಯ ಮಾರುಕಟ್ಟೆಗೆ ಲಾರಿ ಹತ್ತುತ್ತದೆ. ಹೆಂಗಸು ಅಲ್ಲೇ ಉಳಿದು ಕೆಮ್ಮುತ್ತಾಳೆ.

ಈ ಕೆಮ್ಮನ್ನು ಕೇಳಿಸಿಕೊಂಡು ಬಂದದ್ದು ದೂರದ ಚಳಿದೇಶವೊಂದರ ವಿಶ್ವವಿದ್ಯಾಲಯ. ಅದು ಊರಿನಲ್ಲೇ ಒಂದು ಕಟ್ಟಡ ಕಟ್ಟಿ, 'ಅಭಿವೃದ್ಧಿಶೀಲ ದೇಶಗಳ ಸಾಮಾಜಿಕ, ಆರೋಗ್ಯ ಹಾಗೂ ಕೈಗಾರಿಕಾ ಸಮಸ್ಯೆಗಳ ಬಹುವಿಷಯಕ ಸಂಶೋಧನಾ ಕೇಂದ್ರ' ಎಂದು ಬೋರ್ಡು ಹಾಕಿತು. ಬೋರ್ಡು ಕಟ್ಟಡಕ್ಕಿಂತ ಉದ್ದವಾದ್ದರಿಂದ ಕೊನೆಯ ತುದಿಗೆ ಪಕ್ಕದ ಕ್ಷೌರದಂಗಡಿಯ ಗೋಡೆಯನ್ನು ಬಾಡಿಗೆಗೆ ಪಡೆಯಲಾಯಿತು.

ಕೇಂದ್ರದಲ್ಲಿ ಮೂರು ವಿಭಾಗ. ಹೊಗೆ ಹುಟ್ಟುವುದು ಕಸುಬಿನಿಂದ, ಆದ್ದರಿಂದ ಕೆಮ್ಮು ನಮ್ಮದು ಎಂದಿತು ಕೈಗಾರಿಕಾ ವಿಭಾಗ. ಅದು ಏಳುವುದು ಎದೆಯಿಂದ, ಆದ್ದರಿಂದ ನಮ್ಮದು ಎಂದಿತು ಆರೋಗ್ಯ ವಿಭಾಗ. ನಾಲ್ಕು ಜನಕ್ಕೆ ಕೇಳಿಸದಿದ್ದರೆ ಅದು ಕೆಮ್ಮೇ ಅಲ್ಲ, ಆದ್ದರಿಂದ ನಮ್ಮದು ಎಂದಿತು ಸಮಾಜ ವಿಭಾಗ. ಜಗಳ ಒಂದು ಮಳೆಗಾಲ ನಡೆದು, ಕಡೆಗೆ ಹೀಗೊಂದು ನಿಯಮ ಹೊರಟಿತು:

"ಕೆಮ್ಮು ಹೊಗೆಯ ರೂಪದಲ್ಲಿದ್ದು ಗಂಟಲಿಗೆ ಇಳಿಯುವ ತನಕ ಕೈಗಾರಿಕಾ ವಿಭಾಗದ್ದು. ಎದೆಯಲ್ಲಿರುವಷ್ಟು ಹೊತ್ತು ಆರೋಗ್ಯ ವಿಭಾಗದ್ದು. ತುಟಿ ದಾಟಿದ ಕೂಡಲೇ ಸಮಾಜ ವಿಭಾಗಕ್ಕೆ ಹಸ್ತಾಂತರವಾಗತಕ್ಕದ್ದು. ಕೆಮ್ಮುವವರು ಕೆಮ್ಮನ್ನು ನುಂಗಿಕೊಂಡಲ್ಲಿ ಜಂಟಿ ಸಭೆ ಕರೆಯತಕ್ಕದ್ದು."

ಅರಾಬಾಗೆ ಇದ್ಯಾವುದೂ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹಾಡು. ಅಬುರಾನೊದ ಮೆಥಡಿಸ್ಟ್ ಚರ್ಚಿನಲ್ಲಿ ಪಾದ್ರಿಯ ಪ್ರವಚನ ತೂಕಡಿಕೆಗೆ ತಿರುಗಿತೆಂದರೆ ಹೆಂಗಸರಲ್ಲಿ ಒಬ್ಬಳು ಕೂತಲ್ಲಿಂದಲೇ ಹಾಡು ಎತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ, ಪಾದ್ರಿ ಬಾಯಿ ಮುಚ್ಚಿಕೊಂಡು ಕಾಯುತ್ತಾನೆ. ಪಾದ್ರಿಯ ಬಾಯಿ ಮುಚ್ಚಿಸುವ ಈ ಹಕ್ಕು ಬಹಳ ವರ್ಷ ಅರಾಬಾಳದಾಗಿತ್ತು. ಕೆಮ್ಮು ಬಂದ ಮೇಲೆ ಎತ್ತಿದ ಹಾಡು ಅರ್ಧಕ್ಕೇ ಮುರಿಯತೊಡಗಿತು, ಪಾದ್ರಿ ಆ ಸಂದಿಯಲ್ಲಿ ನುಗ್ಗಿ ಪ್ರವಚನ ಮುಂದುವರಿಸತೊಡಗಿದ. ಆಗ ಹಾಡನ್ನು ಕಿತ್ತುಕೊಂಡವಳು ಎಕುವಾ ಬೆಂಟ್ಸಿವಾ. ಅವಳು ಕೆಂಕೆ ಮಾರುವವಳು. ಹುಳಿ ಬಂದ ಮುಸುಕಿನ ಜೋಳದ ಹಿಟ್ಟನ್ನು ಅದರದೇ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವವಳಿಗೆ ಸಿಗುವುದು ಹಬೆ. ಹಬೆ ಗಂಟಲಿಗೆ ಒಳ್ಳೆಯದು.

ಹೀಗಾಗಿ ಕೇಂದ್ರದ ಸಂಯೋಜಕ ಡಾ. ಫಿಫಿ ಅರ್ಕೋಫುಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಮ್ಮು ಸಂಗ್ರಹಿಸಲು ಬಂದಾಗಲೆಲ್ಲ ಅರಾಬಾ ಒಂದೇ ಮಾತು ಕೇಳುತ್ತಿದ್ದಳು.

"ಡಾಕ್ಟ್ರೇ, ಈ ಒಲೆಗೊಂದು ಹೊಗೆಕೊಳವೆ ಹಾಕಿಸ್ಕೊಡಿ. ಇನ್ನೇನೂ ಬೇಡ."

"ಆಂಟಿ, ಅದು ಪರಿಹಾರ."

"ಹೂಂ ಕಣಪ್ಪ, ಅದನ್ನೇ ಕೇಳ್ತಿರೋದು."

"ನಮ್ಮದು ಸಮಸ್ಯೆಗಳ ಕೇಂದ್ರ ಆಂಟಿ. ಬೋರ್ಡು ನೋಡಿಲ್ವಾ? ಪರಿಹಾರಕ್ಕೆ ಬೇರೆ ಕೇಂದ್ರ ಬೇಕು."

"ಅದೆಲ್ಲಿದೆ ಹೇಳಿ, ನಾನೇ ಹೋಗ್ಬರ್ತೀನಿ."

"ಇನ್ನೂ ಶುರುವಾಗಿಲ್ಲ. ನಮ್ಮ ಸಂಶೋಧನೆ ಮುಗಿದ ಮೇಲೆ, ಅಂಥದ್ದೊಂದು ಕೇಂದ್ರ ಬೇಕಾ ಬೇಡ್ವಾ ಅಂತ ಸಂಶೋಧನೆ ಮಾಡ್ತೀವಿ. ಈಗ ಒಂಚೂರು ಕೆಮ್ಮಿ."

ಅರಾಬಾ ಕೆಮ್ಮಿದಳು. ಕೇಳದಿದ್ದರೂ ಕೆಮ್ಮುತ್ತಿದ್ದಳು.

ಕೊಯ್ಲಿನ ಹಬ್ಬದ ಭಾನುವಾರ ಬೆಂಟ್ಸಿವಾ ಒಂದೇ ಹಾಡನ್ನು ಎಳೆದೂ ಎಳೆದೂ, ಪಾದ್ರಿ ನಿಂತಲ್ಲೇ ಬೆವರೊರೆಸಿಕೊಳ್ಳುವ ಹಾಗೆ ಮಾಡಿದಳು. ಚರ್ಚಿನಿಂದ ಹೊರಬರುತ್ತಾ ಅರಾಬಾಳ ಭುಜ ತಟ್ಟಿ, "ನೀನು ಮನೇಲಿ ಮೆಲ್ಲಗೆ ಗುನುಗಿಕೋ ತಂಗಿ, ಎದೆಗೆ ಒಳ್ಳೇದಲ್ಲ," ಎಂದಳು. ಅರಾಬಾ ಅಲ್ಲಿಂದ ಸೀದಾ ಬೆಸುಗೆ ಕೆಲಸದ ಮೈದುನನ ಶೆಡ್ಡಿಗೆ ಹೋದಳು. ಹಳೆಯ ಎಣ್ಣೆ ಡ್ರಮ್ಮುಗಳನ್ನು ಸೀಳಿ ಸುರುಳಿ ಸುತ್ತಿ ಬೆಸೆದು, ಮೈದುನ ಅವಳ ಒಲೆಗೊಂದು ಕೊಳವೆ ನಿಲ್ಲಿಸಿದ. ಹೊಗೆ ಛಾವಣಿ ದಾಟಿ ಆಕಾಶಕ್ಕೆ ಹೋಯಿತು. ಸ್ವಲ್ಪ ಕಾಲದಲ್ಲಿ ಕೆಮ್ಮೂ ಹೋಯಿತು.

ಡಾ. ಫಿಫಿ ಕೆಮ್ಮು ದಾಖಲಿಸುವ ಯಂತ್ರ ಹಿಡಿದು ಎಂದಿನಂತೆ ಬಂದು ಸ್ಟೂಲಿನ ಮೇಲೆ ಕೂತ. ಅರಾಬಾ ಮೀನು ಮಗುಚಿದಳು. ಸೌದೆ ತಳ್ಳಿದಳು. ಕೆಮ್ಮಲಿಲ್ಲ.

"ಆಂಟಿ, ನಾನು ಬಂದಿದೀನಿ."

"ಕಾಣಿಸ್ತಾ ಇದೆ."

"ಮತ್ತೆ, ಕೆಮ್ಮು?"

"ಬರ್ತಾ ಇಲ್ಲಪ್ಪ."

"ಹಾಗಂದ್ರೆ ಹೇಗೆ? ಒಂದ್ಸಲ ಪ್ರಯತ್ನ ಮಾಡಿ. ನನಗೋಸ್ಕರ."

ದೂರದಿಂದ ಬಂದವನು ಎಂಬ ಮರ್ಯಾದೆಗೆ ಅರಾಬಾ 'ಖೊಕ್' ಎಂದಳು. ಯಂತ್ರ ಅದನ್ನು ತಿರಸ್ಕರಿಸಿತು. ಆಗ ಡಾ. ಫಿಫಿ ತಲೆ ಎತ್ತಿ ಕೊಳವೆಯನ್ನು ನೋಡಿದ. ಅವನ ಮುಖ ಮೀನಿನ ಬಣ್ಣಕ್ಕೆ ತಿರುಗಿತು, ಹೊಗೆ ಹಿಡಿಸುವ ಮುಂಚಿನ ಮೀನಿನ ಬಣ್ಣಕ್ಕೆ.

ಮರುದಿನ ಕೇಂದ್ರದ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: "ಸಂಶೋಧನಾ ಪ್ರದೇಶದಲ್ಲಿ ಅನುಮತಿಯಿಲ್ಲದೆ ಪರಿಹಾರವೊಂದು ಸಂಭವಿಸಿದೆ. ಸಾರ್ವಜನಿಕರು ಗಾಬರಿಯಾಗಬಾರದು. ಪರಿಹಾರವು ಬೇರೆ ಒಲೆಗಳಿಗೆ ಹರಡದಂತೆ ಸಕಲ ಕ್ರಮ ಕೈಗೊಳ್ಳಲಾಗಿದೆ."

ಚಳಿದೇಶದಿಂದ ಕೇಂದ್ರದ ಮುಖ್ಯಸ್ಥೆ ಪ್ರೊ. ಬಿರ್ಗಿಟ್ ಸ್ಟ್ರಾಂಡ್ ವಿಮಾನದಲ್ಲಿ ಬಂದಿಳಿದರು. ಸಜ್ಜನ ಹೆಂಗಸು. ಬಡವರ ಕಷ್ಟ ಕಂಡರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಕಷ್ಟ ಕಾಣದೆಯೂ ಬಂತು. ಅವರು ಒಲೆಯ ಮುಂದೆ ಕೂತು ಅರಾಬಾಳ ಕೈ ಹಿಡಿದುಕೊಂಡರು. ಡಾ. ಫಿಫಿ ಅನುವಾದ ಮಾಡಿದ.

"ಆಂಟಿ, ಮೇಡಂ ಹೇಳ್ತಾರೆ, ನಿಮ್ಮ ಕೆಮ್ಮನ್ನ ನಂಬಿಕೊಂಡು ಮೂವತ್ತು ಜನ ಇದ್ದಾರಂತೆ. ಅವರಿಗೂ ಮನೆ, ಮಕ್ಕಳು ಅಂತ ಇರುತ್ತೆ."

"ಪಾಪ. ಅವರೇ ಕೆಮ್ಮಲಿ."

"ಕೊಳವೆ ತೆಗೆಸಿ ಅಂತ ಅಲ್ಲ. ಇರ್ಲಿ, ನೋಡೋಕೂ ಚೆನ್ನಾಗಿದೆ. ಒಲೆ ಉರಿಯೋವಾಗ ಮಾತ್ರ ಮುಚ್ಚಿಡಿ, ಅಷ್ಟೇ."

ಅರಾಬಾ ಮೀನು ಮಗುಚುವ ಕೋಲನ್ನು ಕೈಗೆ ತೆಗೆದುಕೊಂಡಳು. "ಡಾಕ್ಟ್ರೇ, ಇದನ್ನೂ ಅನುವಾದ ಮಾಡಿ. ನನ್ನ ಕೊಳವೆ ಮುಟ್ಟೋ ಕೈನ ಜಾಲರಿ ಮೇಲೆ ಹಾಸ್ತೀನಿ. ಈ ಭಾನುವಾರ ನಾನು ಹಾಡಬೇಕು."

ಡಾ. ಫಿಫಿ ಅನುವಾದ ಮಾಡಲಿಲ್ಲ. ಕೋಲನ್ನು ನೋಡಿ ಪ್ರೊಫೆಸರಿಗೇ ಅರ್ಥವಾಗಿತ್ತು.

ಜಂಟಿ ಸಭೆ ಹಗಲಿಡೀ ನಡೆಯಿತು. ಕೈಗಾರಿಕಾ ವಿಭಾಗದವರು ಬೇರೆ ಊರಿನಿಂದ ಕೆಮ್ಮು ತರಿಸೋಣ ಎಂದರು. ಆರೋಗ್ಯ ವಿಭಾಗದವರು, ಬಂದ ಕೆಮ್ಮಿಗೆ ಇಲ್ಲಿನ ಹವೆ ಒಗ್ಗುವುದಿಲ್ಲ ಎಂದರು. ಸಮಾಜ ವಿಭಾಗದವರು ಅತ್ತರು. ಕಡೆಗೆ ಪ್ರೊ. ಸ್ಟ್ರಾಂಡ್ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: ಹೊಗೆ ಎಲ್ಲಿ ಹೋಯಿತು?

ಮೇಲಕ್ಕೆ ಹೋಯಿತು.

ಅಂದರೆ ಸಮಸ್ಯೆ ಬಗೆಹರಿದಿಲ್ಲ, ಸ್ಥಳಾಂತರವಾಗಿದೆ. ಛಾವಣಿಯ ಮೇಲೆ ಅದನ್ನು ಅನುಭವಿಸಲು ಮನುಷ್ಯರಿಲ್ಲ ಎಂಬುದಷ್ಟೇ ಕೊರತೆ. ಮನುಷ್ಯನ ಕೊರತೆ ಆಡಳಿತಕ್ಕೆ ಸಂಬಂಧಿಸಿದ್ದು, ಅದನ್ನು ತುಂಬಬಹುದು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಎಲ್ಲರೂ ಡಾ. ಫಿಫಿಯನ್ನು ನೋಡಿದರು. ಕೆಮ್ಮು ನಿಂತರೆ ಮೊದಲು ನಿಲ್ಲುವುದು ಅವನ ಸಂಬಳ ಎಂಬುದು ಅವನಿಗೂ ಗೊತ್ತಿತ್ತು.

ಅರಾಬಾಳ ಛಾವಣಿಯ ಮೇಲೆ, ಕೊಳವೆಯ ಬಾಯಿಗೆ ಸರಿಯಾಗಿ, ಒಂದು ಕುರ್ಚಿಯನ್ನು ಬಿಗಿಯಲಾಯಿತು. ಬಿಸಿಲಿಗೆಂದು ಕೊಡೆ ಕಟ್ಟಿದರು. ಕೊಡೆಯಿಂದಾಗಿ ಹೊಗೆ ಚದುರದೆ ಅಲ್ಲೇ ನಿಲ್ಲುತ್ತಿತ್ತು, ಅದನ್ನು ಹೆಚ್ಚುವರಿ ಅನುಕೂಲ ಎಂದು ದಾಖಲಿಸಲಾಯಿತು.

"ಹಚ್ಲಾ ಡಾಕ್ಟ್ರೇ?" ಎಂದು ಅರಾಬಾ ಬೆಳಗ್ಗೆ ಕೆಳಗಿನಿಂದ ಕೂಗುತ್ತಿದ್ದಳು.

"ಒಂದ್ನಿಮಿಷ ಆಂಟಿ, ಕನ್ನಡಕ ತೆಗೀತೀನಿ. ಹೂಂ, ಹಚ್ಚಿ."

ಡಾ. ಫಿಫಿ ಕೆಮ್ಮಿದ. ಅಪ್ಪಟ ಕೆಮ್ಮು. ಹಿಂದೆ ಓದುಬರಹ ಇಲ್ಲದವರಿಂದ ಕೆಮ್ಮು ಸಂಗ್ರಹಿಸಬೇಕಾಗಿತ್ತು, ಈಗ ಡಾಕ್ಟರೇಟ್ ಪಡೆದವರಿಂದಲೇ ಸಿಗುತ್ತಿದೆ, ಗುಣಮಟ್ಟ ಸುಧಾರಿಸಿದೆ ಎಂದು ವರದಿ ಹೋಯಿತು. ಚಳಿದೇಶದ ಸಮ್ಮೇಳನಕ್ಕೆ ಅವನನ್ನೇ ಕರೆಸಿಕೊಂಡರು. ಅವನು ಪ್ರಬಂಧ ಓದಲು ಎದ್ದವನು ಓದಲಾಗದೆ ಕೆಮ್ಮಿ ಕೂತ. ಸಭೆ ಎದ್ದು ನಿಂತು ಗೌರವ ಸೂಚಿಸಿತು. ಅಲ್ಲೇ ಅವನಿಗೆ ಬಡ್ತಿ ಸಿಕ್ಕಿತು. ಅರಾಬಾಳ ಛಾವಣಿ ಖಾಲಿಯಾಯಿತು.

ಅಷ್ಟರಲ್ಲಿ ದಂಡೆಯ ಒಲೆಗಳ ಸಾಲಿನ ಬೇರೆ ಹೆಂಗಸರೂ ಮೈದುನನ ಶೆಡ್ಡಿನ ಮುಂದೆ ಕೂತಿದ್ದರು. ಕೇಂದ್ರ ಈಗ ಅಡ್ಡಿ ಮಾಡಲಿಲ್ಲ. ಕೊಳವೆಗೊಬ್ಬ ಛಾವಣಿ ಸಹಾಯಕ ಎಂಬ ಷರತ್ತಿನ ಮೇಲೆ ಎಲ್ಲರಿಗೂ ಅನುಮತಿ ಕೊಟ್ಟು, ಜಾಹೀರಾತು ಹೊರಡಿಸಿತು: "ಅಭ್ಯರ್ಥಿಗಳು ಸ್ನಾತಕೋತ್ತರ ಪದವೀಧರರಾಗಿರತಕ್ಕದ್ದು. ಎದೆ ಚೆನ್ನಾಗಿರತಕ್ಕದ್ದು. ಈಗಾಗಲೇ ಕೆಮ್ಮುತ್ತಿರುವವರು ಅರ್ಜಿ ಹಾಕುವಂತಿಲ್ಲ. ಒಲೆಯ ಒಡತಿಯ ಒಪ್ಪಿಗೆ ಕಡ್ಡಾಯ." ಓದಿ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದ ಹುಡುಗರು ಲಾರಿ ನಿಲ್ದಾಣದ ತನಕ ಸಾಲು ನಿಂತರು. ಸರ್ಕಾರದ ಮಂತ್ರಿಯೊಬ್ಬರು ಬಂದು, ಹೊಗೆಯಲ್ಲಿ ಇಷ್ಟೊಂದು ಉದ್ಯೋಗ ಅಡಗಿದೆಯೆಂದು ತಮಗೆ ತಿಳಿದಿರಲಿಲ್ಲ ಎಂದು ಭಾಷಣ ಮಾಡಿ, ಹೊಗೆ ಇರುವ ಕಡೆ ನಿಲ್ಲದೆ ಕಾರು ಹತ್ತಿದರು.

ಅರಾಬಾಳ ದನಿ ಮರಳಿತ್ತು, ಹಾಡು ಮಾತ್ರ ಮರಳಿರಲಿಲ್ಲ. ಬೆಂಟ್ಸಿವಾ ಬಿಟ್ಟುಕೊಡುವವಳಲ್ಲ. ಪಾದ್ರಿ ಬಾಯಿ ತೆರೆಯುವ ಮೊದಲೇ ಅವಳು ಹಾಡು ಎತ್ತಿಬಿಡುತ್ತಿದ್ದಳು. ಮೂರು ಭಾನುವಾರ ಊರಿನ ಕಿವಿಗೆ ದೇವರ ವಾಕ್ಯವೇ ಬೀಳಲಿಲ್ಲ.

ನಾಲ್ಕನೆಯ ವಾರ ಬೆಂಟ್ಸಿವಾ ಬಿಸಿ ಕೆಂಕೆಯ ಬುಟ್ಟಿ ಹೊತ್ತು ಅರಾಬಾಳ ಕೊಟ್ಟಿಗೆಗೆ ಬಂದಳು. ಹಿಂದೆ ಅವಳ ಮಗ ಕೋಬಿನಾ, ಕಾಲರಿನ ಗುಂಡಿ ಹಾಕಿಕೊಂಡು.

"ತಂಗಿ, ನಮ್ಮ ಕೋಬಿನಾ ಗೊತ್ತಲ್ಲ. ಎಂ.ಎ. ಆಗಿ ಏಳು ವರ್ಷ ಆಯ್ತು. ಅಭಿವೃದ್ಧಿ ಅಂತಾನೇ ಓದಿರೋದು."

"ಗೊತ್ತು. ಏಳು ವರ್ಷದಿಂದ ನಿನ್ನ ಕೆಂಕೆ ಬಿಚ್ಚಿ ತಿನ್ನೋದು ಕಾಣ್ತೀನಲ್ಲ."

ಬೆಂಟ್ಸಿವಾ ಬುಟ್ಟಿಯನ್ನು ಅರಾಬಾಳ ಮುಂದಿಟ್ಟಳು. "ನಿನ್ನ ಛಾವಣಿ ಖಾಲಿ ಇದ್ಯಂತೆ. ಒಂದು ಮಾತು ಹೇಳು ತಾಯಿ."

ಅರಾಬಾ ಜಾಲರಿಯ ಮೀನನ್ನು ಒಂದೊಂದಾಗಿ ಮಗುಚಿದಳು. ಆಮೇಲೆ ಕೇಳಿದಳು, "ಭಾನುವಾರ?"

"ಭಾನುವಾರ ನಿಂದೇ. ನಾನು ಹಿಂದಿನ ಬೆಂಚಲ್ಲಿ ಕೂರ್ತೀನಿ. ದನಿಗೂಡಿಸ್ತೀನಿ, ಅಷ್ಟೇ."

"ಹುಡುಗನ ಎದೆ ಹೇಗಿದೆ? ಕೇಂದ್ರದವರು ಕೇಳ್ತಾರೆ. ಏನಾದ್ರೂ ಹಾಡಪ್ಪ, ನೋಡೋಣ."

ಕೋಬಿನಾ ಗಂಟಲು ಸರಿಮಾಡಿಕೊಂಡು ಹಾಡಿದ. ಅವನಮ್ಮ ವರ್ಷಗಟ್ಟಲೆ ಚರ್ಚಿನಲ್ಲಿ ಎಳೆಯುತ್ತಿದ್ದ ಹಾಡೇ. ಆದರೆ ಅವನು ಎಳೆಯಲಿಲ್ಲ. ದನಿ ತಿಳಿಯಾಗಿ, ಎಲ್ಲೂ ತಡೆಯದೆ, ಸಾಲಿನ ಕೊನೆಯ ಒಲೆಯ ತನಕ ಹೋಯಿತು. ಹೆಂಗಸರು ಸೌದೆ ತಳ್ಳುವುದನ್ನು ನಿಲ್ಲಿಸಿದರು. ದೋಣಿಯ ಬಲೆ ಬಿಡಿಸುತ್ತಿದ್ದವರು ತಿರುಗಿ ನೋಡಿದರು.

ಅರಾಬಾ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ಒಳ್ಳೇ ಗಂಟಲು," ಎಂದಳು. "ಎರಡು ವರ್ಷಕ್ಕೆ ಮೋಸ ಇಲ್ಲ. ಸೋಮವಾರ ಬಾ."

ಕೋಬಿನಾ ಅವಳಿಗೆ ಬಗ್ಗಿ ಥ್ಯಾಂಕ್ಸ್ ಹೇಳಿದ. ಭಾನುವಾರ ಅರಾಬಾ ಹಾಡು ಎತ್ತಿದಳು. ಪಾದ್ರಿ ಬಾಯಿ ಮುಚ್ಚಿಕೊಂಡು ಕಾದ. ಬೆಂಟ್ಸಿವಾ ಹಿಂದಿನ ಬೆಂಚಿನಿಂದ ದನಿಗೂಡಿಸಿದಳು, ಕೊಟ್ಟ ಮಾತಿಗಿಂತ ಸ್ವಲ್ಪ ಜೋರಾಗಿಯೇ.

ಸೋಮವಾರ ಕೋಬಿನಾ ಹೊಸ ಷರಟು ತೊಟ್ಟು ಏಣಿ ಹತ್ತಿದ. ಕರವಸ್ತ್ರದಿಂದ ಕುರ್ಚಿಯ ಮಸಿ ಒರೆಸಿ ನೆಟ್ಟಗೆ ಕೂತ. ಕೆಳಗೆ ಅರಾಬಾ ಸೌದೆಗೆ ಬೆಂಕಿ ಇಟ್ಟಳು. ಹೊಗೆ ಕೊಳವೆಯಲ್ಲಿ ಏರಿ ಕೊಡೆಯಡಿ ತುಂಬಿಕೊಂಡಿತು. ಮೊದಲು ಅವನ ತಲೆ ಕಾಣದಾಯಿತು, ಆಮೇಲೆ ಷರಟು.

ಬೆಂಟ್ಸಿವಾ ದಾರಿಯಲ್ಲಿ ನಿಂತು ಸೆರಗಿನಂತೆ ಹೊದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. ಹೋಗಿಬರುವವರಿಗೆಲ್ಲ ಕೇಳಿಸುವ ಹಾಗೆ ಹೇಳಿದಳು:

"ನಮ್ಮ ಹುಡುಗ ಈಗ ವಿಶ್ವವಿದ್ಯಾಲಯದಲ್ಲಿದ್ದಾನೆ."